ಬರಿಹೊಟ್ಟೆಯಲ್ಲಿ ಬರಬೇಡಿ



ದೊಡ್ಡನೆಕ್ಕುಂದಿಯಲ್ಲಿ ನಮ್ಮ ಬೀದಿಯ ತುದಿಗೆ ಒಂದು ಮೂರಂತಸ್ತಿನ ಕಟ್ಟಡ ಇದೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಹುಡುಗಿಯರ ಪಿ.ಜಿ., ನಡುವೆ ಎರಡು ಕೋಣೆಯ ಆಕ್ಯುಪಂಕ್ಚರ್ ಕ್ಲಿನಿಕ್ಕು. ಮೆಟ್ಟಿಲು ಹತ್ತಿ ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೊಂದು ಹಾಳೆ ಅಂಟಿಸಿದ್ದಾರೆ. ಮೊಬೈಲ್ ಸೈಲೆಂಟ್ ಮಾಡಿ. ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ. ಬರಿಹೊಟ್ಟೆಯಲ್ಲಿ ಬರಬೇಡಿ. ಇವತ್ತಿನ ನನ್ನ ಮಾತೆಲ್ಲ ಆ ಮೂರನೆಯ ಸಾಲಿನ ಸುತ್ತ.

ನಾನು ಮೂವತ್ತು ವರ್ಷಕ್ಕೂ ಮೇಲೆ ದಂಡು ಪ್ರದೇಶದ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಎಷ್ಟು ಸಾವಿರ ಸಲ ಸೂಜಿ ಚುಚ್ಚಿದ್ದೇನೋ ಲೆಕ್ಕವಿಲ್ಲ. ಆದರೆ ನಾವು ಚುಚ್ಚುತ್ತಿದ್ದದ್ದು ಔಷಧಿ ಒಳಗೆ ಹೋಗಲಿ ಅಂತ, ಇಲ್ಲವೇ ರಕ್ತ ಹೊರಗೆ ಬರಲಿ ಅಂತ. ಏನನ್ನೂ ಕೊಡದೆ, ಏನನ್ನೂ ತೆಗೆಯದೆ ಸುಮ್ಮನೆ ಚುಚ್ಚಿ ಅರ್ಧ ಗಂಟೆ ಬಿಡುವ ಸೂಜಿಯ ಮೇಲೆ ನನಗೆ ಅಂಥ ಗೌರವ ಇರಲಿಲ್ಲ. ನಿವೃತ್ತಿಯಾದ ಮೇಲೆ ಮಂಡಿ ನೋವು ಶುರುವಾಯಿತು. ಮಗಳು ಬೈದು ಕಳಿಸಿದಳು, ಹೋದೆ. ಮಂಡಿ ನೋವು ಪೂರ್ತಿ ಹೋಗಿಲ್ಲ, ಮೆಟ್ಟಿಲಂತೂ ಹತ್ತುತ್ತೇನೆ. ಆ ಕಥೆ ಇರಲಿ.

ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಂಗಳೂರಿನಲ್ಲೂ ಸೆಕೆ ತಡೆಯಲಾಗದ ದಿನ, ಎಚ್‌ಎಎಲ್ ಕಡೆಯಿಂದ ಎದ್ದ ವಿಮಾನದ ಸದ್ದಿಗೆ ಕ್ಲಿನಿಕ್ಕಿನ ಕಿಟಕಿ ಗಾಜು ಅದುರುತ್ತಿತ್ತು. ಬೆಂಚಿನ ಮೇಲೆ ನಮ್ಮ ಬೀದಿಯವರೇ ಒಬ್ಬರು ಹೆಂಗಸು ಮಗಳ ಜೊತೆ ಕೂತಿದ್ದರು. ಕಾಲೇಜಿಗೆ ಹೋಗುವ ಹುಡುಗಿ. ಅಂಥ ಸೆಕೆಯಲ್ಲಿ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡಿದ್ದಳು. (ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ರೇಡಿಯೋದಲ್ಲಿ ಹೇಳಲಾ ಎಂದು ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ.)

“ಸಿಸ್ಟರ್, ನೀವಾದ್ರೂ ಬುದ್ಧಿ ಹೇಳಿ. ಏನು ಮಾಡಿದ್ರೂ ತಿನ್ನಲ್ಲ. ಇಲ್ಲಿ ಹಸಿವು ಹುಟ್ಟೋ ಹಾಗೆ ಸೂಜಿ ಹಾಕ್ತಾರಂತಲ್ಲ” ಅಂದರು ತಾಯಿ.

ನಾನು ಬುದ್ಧಿ ಹೇಳಲಿಲ್ಲ. ಅಭ್ಯಾಸಬಲ, ಅವಳ ಕೈ ಹಿಡಿದುಕೊಂಡೆ. ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ಉಗುರಿನ ಬುಡ ನೀಲಿ. ಮುಂಗೈ ಮೇಲೆ ಎಳೆ ಮಗುವಿಗಿರುವಂಥ ನವಿರು ಕೂದಲು. ಗಡಿಯಾರ ನೋಡಿಕೊಂಡು ನಾಡಿ ಎಣಿಸಿದೆ, ನಿಮಿಷಕ್ಕೆ 46. ದಿನಾ ಓಡುವ ಕ್ರೀಡಾಪಟುವಿಗೆ ಅಷ್ಟಿದ್ದರೆ ಚಿಂತೆಯಿಲ್ಲ. ಒಂದು ಮಹಡಿ ಹತ್ತಿ ಏದುಸಿರು ಬಿಡುತ್ತಿರುವ ಹುಡುಗಿಗೆ ಇದ್ದರೆ ಚಿಂತೆ ಮಾಡಲೇಬೇಕು. ದೇಹ ಒಲೆಯ ಉರಿ ತಗ್ಗಿಸಿಕೊಂಡು ಇದ್ದಬದ್ದ ಸೌದೆಯನ್ನು ಉಳಿಸುತ್ತಿತ್ತು.

ಈ ಕಾಯಿಲೆಗೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. ಡಾಕ್ಟರುಗಳು ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ತೂಕ ಹೆಚ್ಚುತ್ತದೆಂಬ ಭಯಕ್ಕೆ ಊಟ ಬಿಡುತ್ತಾ ಬಿಡುತ್ತಾ ಕಡ್ಡಿಯಾಗುವುದು ಅನೊರೆಕ್ಸಿಯಾ. ಒಮ್ಮೆಲೇ ಸಿಕ್ಕಿದ್ದೆಲ್ಲ ತಿಂದು, ಆಮೇಲೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಬುಲಿಮಿಯಾ. ಮೊದಲನೆಯದಕ್ಕೆ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯ 1870ರ ದಶಕದಲ್ಲೇ ಹೆಸರಿಟ್ಟಿದ್ದ. ಎರಡನೆಯದನ್ನು ಅದೇ ಊರಿನ ಜೆರಾಲ್ಡ್ ರಸೆಲ್ 1979ರಲ್ಲಿ ಬೇರೆ ಮಾಡಿ ತೋರಿಸಿದರು. ನಮ್ಮಲ್ಲಿ ಹಿರಿಯರು ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ಆಸ್ಪತ್ರೆಯವರು ಗ್ಯಾಸ್ಟ್ರಿಕ್ ಅನ್ನುತ್ತಾರೆ, ನೆಂಟರು ಕೊಬ್ಬು ಅನ್ನುತ್ತಾರೆ.

ನಾನೂ ಅಂದಿದ್ದೇನೆ. 90ರ ದಶಕದ ಮಾತು. ವಾರ್ಡಿಗೆ ಸೇರಿದ್ದ ಒಬ್ಬ ಹುಡುಗಿ ತಟ್ಟೆಯಲ್ಲಿದ್ದ ಅನ್ನವನ್ನೆಲ್ಲ ದಿಂಬಿನ ಕವರಿಗೆ ತುಂಬುತ್ತಿದ್ದಳು. ಡ್ರಿಪ್ ಹಾಕಿದ್ದೆವು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದೆವು. ಕವರು ಬಿಚ್ಚಿದಾಗ ಅನ್ನ ಹುಳಿತು ವಾಸನೆ ಬಂದಿತ್ತು. “ಎಷ್ಟು ಜನ ಒಂದು ಹೊತ್ತಿನ ಊಟಕ್ಕಿಲ್ಲದೆ ಸಾಯ್ತಿದಾರೆ, ನಿನಗೆ ಕೊಬ್ಬಾ?” ಎಂದು ನಾನು ಎಲ್ಲರ ಎದುರಿಗೆ ಕೇಳಿದ್ದೆ. ಅವಳು ಅಳಲಿಲ್ಲ, ಕ್ಷಮಿಸಿ ಸಿಸ್ಟರ್ ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಆ ಕಾಲಕ್ಕೆ ಇದು ದೊಡ್ಡವರ ಮನೆ ಕಾಯಿಲೆ, ಪರದೇಶದ ಕಾಯಿಲೆ ಎಂಬ ನಂಬಿಕೆ ನಮ್ಮೆಲ್ಲರಿಗೂ ಇತ್ತು. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಒಂದು ಸಮೀಕ್ಷೆ ಮಾಡಿದರು, 2012ರಲ್ಲಿ ಅದು ಪ್ರಕಟವಾಯಿತು. ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಅಂಥ ಒಬ್ಬ ರೋಗಿಯನ್ನಾದರೂ ನೋಡಿದ್ದರು. ವೈದ್ಯರವರೆಗೆ ಬಂದವರ ಮಾತಾಯಿತು ಇದು. ನಮ್ಮ ದೊಡ್ಡನೆಕ್ಕುಂದಿಯನ್ನೇ ನೋಡಿ. ರಾಗಿ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟು, ಪಿ.ಜಿ., ಜಿಮ್ಮು. ರಿಂಗ್ ರಸ್ತೆಯ ಕಂಪನಿಗಳಿಗೆ ಹೋಗುವ ಮಕ್ಕಳು ಊರು ಬಿಟ್ಟು ಬಂದು ಒಂದೊಂದು ಕೋಣೆಯಲ್ಲಿ ಮೂರು ಮೂರು ಜನ ಇರುತ್ತಾರೆ. ಯಾರು ಉಂಡರು, ಯಾರು ಬಿಟ್ಟರು ಎಂದು ಕೇಳುವ ಅಮ್ಮ ಅಲ್ಲಿಲ್ಲ. ತಿಂದ ತುತ್ತಿಗೆಲ್ಲ ಲೆಕ್ಕ ಇಡುವ ಆ್ಯಪ್ ಮಾತ್ರ ಕೈಯಲ್ಲೇ ಇದೆ.

ಹಸಿವು ತಲೆಯನ್ನು ಏನು ಮಾಡುತ್ತದೆ ಎಂಬುದಕ್ಕೆ ಒಂದು ಹಳೆಯ ಸಾಕ್ಷಿ ಇದೆ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರು, ಮೊದಲು ಯಾವ ಮಾನಸಿಕ ತೊಂದರೆಯೂ ಇರಲಿಲ್ಲ. ತೂಕ ಇಳಿದ ಹಾಗೆ ಅವರಿಗೆ ಊಟದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕ ಕೂಡಿಟ್ಟರು, ತಟ್ಟೆ ನೆಕ್ಕಿದರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು. ಸಿಡುಕು, ಮಂಕು, ಯಾರೂ ಬೇಡ ಎಂಬ ಭಾವ ಬಂತು, ಸೆಕೆಯಲ್ಲೂ ಚಳಿ ಹಿಡಿಯಿತು. ಉಪವಾಸವೇ ಮನಸ್ಸನ್ನು ಹೀಗೆ ತಿರುಚುತ್ತದೆ ಅಂದಮೇಲೆ, ಉಪವಾಸ ಬಿದ್ದಿರುವ ಮಿದುಳಿಗೆ ಬುದ್ಧಿ ಹೇಳಿ ಪ್ರಯೋಜನವೇನು? ಮೊದಲು ಆ ಮಿದುಳಿಗೆ ಊಟ ಸಿಗಬೇಕು.

ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನವರು, ಬಿ.ಎನ್.ವೈ.ಎಸ್. ಮಾಡಿದವರು. ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಐದೂವರೆ ವರ್ಷದ ಪದವಿ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜಿನಿಂದ ಹಿಡಿದು ನಮ್ಮ ರಾಜ್ಯದ ಹಲವು ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ, ಆಕ್ಯುಪಂಕ್ಚರ್ ಅದರಲ್ಲೊಂದು ಪಾಠ. ಅವರು ಹುಡುಗಿಯನ್ನು ಕೂರಿಸಿಕೊಂಡು ಐದಾರು ಪ್ರಶ್ನೆ ಕೇಳಿದರು. ಮುಟ್ಟು ಎಷ್ಟು ತಿಂಗಳಿಂದ ನಿಂತಿದೆ? ಎದ್ದಾಗ ಕಣ್ಣು ಕತ್ತಲೆ ಬರುತ್ತಾ? ವಾಂತಿ ಮಾಡ್ಕೋತೀಯಾ? ಬಿ.ಪಿ. ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿ, “ಅಮ್ಮಾ, ಇವತ್ತು ನಾನು ಸೂಜಿ ಹಾಕಲ್ಲ. ನಾಳೇನೇ ಒಂದು ಇ.ಸಿ.ಜಿ., ರಕ್ತ ಪರೀಕ್ಷೆ ಮಾಡಿಸಿ. ಮನೋವೈದ್ಯರಿಗೆ ತೋರಿಸಿ. ಅವರು ಹೂಂ ಅಂದ್ಮೇಲೆ ಬನ್ನಿ, ನಾನೇನು ಅಂಗಡಿ ಮುಚ್ಚಿಕೊಂಡು ಹೋಗಲ್ಲ” ಅಂದರು. ಫೀಸು ತೆಗೆದುಕೊಳ್ಳಲಿಲ್ಲ. ನನಗೆ ಆ ಸೂಜಿಯ ಮೇಲೆ ಮೊದಲು ಗೌರವ ಬಂದದ್ದು, ಅವರು ಅದನ್ನು ಹಾಕಲ್ಲ ಅಂದ ಆ ಗಳಿಗೆಯಲ್ಲಿ.

ತಾಯಿಗೆ ಸಿಟ್ಟು ಬಂತು. ಹುಚ್ಚರ ಡಾಕ್ಟರ ಹತ್ತಿರ ಹೋಗಬೇಕಾ ನನ್ನ ಮಗಳು ಎಂದು ಮೆಟ್ಟಿಲ ಮೇಲೆ ನನ್ನನ್ನೇ ಕೇಳಿದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಬಂದರು, ನಾನೂ ಜೊತೆಗೆ ಆಸ್ಪತ್ರೆಗೆ ಹೋದೆ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇತ್ತು, ಕೂಡಲೇ ಸೇರಿಸಿಕೊಂಡರು. ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪಬಹುದು, ನಿಲ್ಲಲೂಬಹುದು. ಇನ್ನೊಂದು ಅಪಾಯ ಮನೆಯವರಿಗೆ ಗೊತ್ತೇ ಇರುವುದಿಲ್ಲ. ತಿಂಗಳುಗಟ್ಟಲೆ ಉಪವಾಸ ಇದ್ದ ದೇಹಕ್ಕೆ ಪ್ರೀತಿಯಿಂದ ಒಮ್ಮೆಲೇ ಹೊಟ್ಟೆ ತುಂಬ ಬಡಿಸಿದರೆ ರಕ್ತದ ಫಾಸ್ಫೇಟು ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಊಟವನ್ನೂ ಔಷಧಿಯ ಹಾಗೆ ಅಳತೆ ಮಾಡಿ, ದಿನದಿನಕ್ಕೆ ಏರಿಸುತ್ತಾ ಕೊಡಬೇಕು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಹೀಗಿರುವಾಗ ಯಾರಾದರೂ ನಾನೊಬ್ಬನೇ ಸೂಜಿಯಲ್ಲಿ ವಾಸಿ ಮಾಡುತ್ತೇನೆ ಅಂದರೆ, ಕೇಳುಗರೇ, ಚಪ್ಪಲಿ ಹಾಕಿಕೊಂಡು ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಸೂಜಿಗೆ ಏನು ಕೆಲಸ?

ಒಂದು ತಿಂಗಳ ಮೇಲೆ ಅವಳು ಮನೋವೈದ್ಯರ ಚೀಟಿ ಹಿಡಿದು ಮತ್ತೆ ಆ ಮೆಟ್ಟಿಲು ಹತ್ತಿದಳು. ಮಾತಿನ ಚಿಕಿತ್ಸೆ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಾಡುವ ಕೌನ್ಸೆಲಿಂಗು, ಊಟದ ಪಟ್ಟಿ ಎಲ್ಲ ಅಲ್ಲಿ ನಡೆದಿತ್ತು. ಇಲ್ಲಿಗೆ ಬಂದದ್ದು ಹೊಟ್ಟೆ ಉಬ್ಬರಕ್ಕೆ, ನಿದ್ದೆಗೆ ಮತ್ತು ಊಟದ ಹೊತ್ತಿಗೆ ಎದೆಯಲ್ಲಿ ಏಳುವ ಕಳವಳಕ್ಕೆ. ಈ ಉಬ್ಬರ ನಾಟಕ ಅಲ್ಲ. ಬಹಳ ದಿನ ಖಾಲಿ ಇದ್ದ ಹೊಟ್ಟೆ ಆಹಾರವನ್ನು ಮುಂದಕ್ಕೆ ತಳ್ಳುವುದನ್ನೇ ನಿಧಾನ ಮಾಡಿಬಿಟ್ಟಿರುತ್ತದೆ. ಎರಡು ತುತ್ತಿಗೆ ಮದುವೆ ಊಟ ಉಂಡ ಹಾಗಾಗುತ್ತದೆ.

ಅವಳು ಕೇಳಿಕೊಂಡಳೆಂದು ಮೊದಲ ದಿನ ನಾನು ಒಳಗೇ ಇದ್ದೆ. ನಾವು ಇಂಜೆಕ್ಷನ್‌ಗೆ ಹಿಡಿಯುವ 23 ಗೇಜಿನ ಸೂಜಿ 0.6 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಇದು 0.25 ಮಿಲಿಮೀಟರ್ ಇದ್ದೀತು, ಟೊಳ್ಳಿಲ್ಲ, ಬಾಗಿಸಿದರೆ ಬಾಗುತ್ತದೆ. ಪ್ರತಿ ಸಲ ಹೊಸ ಪೊಟ್ಟಣ ಒಡೆಯುತ್ತಾರೆ. ಪ್ಲಾಸ್ಟಿಕ್ ನಳಿಗೆಯೊಳಗೆ ಸೂಜಿ ಇಟ್ಟು ತೋರುಬೆರಳಿಂದ ಟಕ್ ಎಂದು ಒಮ್ಮೆ ತಟ್ಟಿದರೆ ಮುಗಿಯಿತು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಒಂದು. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಇಳಿದು ಕಾಲಿನ ಮುಂದಿನ ಎಲುಬಿನ ಹೊರಗಡೆ ಒಂದು. ಕಿವಿಯಲ್ಲಿ ಒಂದೆರಡು. ಎದೆಗೆ, ಬೆನ್ನಿನ ಮೇಲ್ಭಾಗಕ್ಕೆ ಹಾಕಲೇ ಇಲ್ಲ. ಮಾಂಸ ಇಲ್ಲದ ಮೈಯಲ್ಲಿ ಅಲ್ಲಿ ಶ್ವಾಸಕೋಶ ಕೈಗೆಟುಕುವಷ್ಟು ಹತ್ತಿರ ಇರುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿತ್ತು. ಆಮೇಲೆ ದೀಪ ಸಣ್ಣ ಮಾಡಿ, ಅವಳ ಕಾಲಿಗೆ ಕಂಬಳಿ ಹೊದಿಸಿ, ಗೋಡೆಯ ಕಡೆ ಕುರ್ಚಿ ಹಾಕಿಕೊಂಡು ಕೂತರು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಮಣಿಕಟ್ಟಿನ ಆ ಬಿಂದು ವಾಕರಿಕೆಗೆ ಹೆಸರಾದದ್ದು. ಆಪರೇಷನ್ ಆದಮೇಲೆ, ಕ್ಯಾನ್ಸರ್ ಔಷಧಿ ಆದಮೇಲೆ ಬರುವ ವಾಕರಿಕೆಗೆ ಆಕ್ಯುಪಂಕ್ಚರ್ ಫಲ ಕೊಡುತ್ತದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1997ರಲ್ಲಿ ಕೂರಿಸಿದ ತಜ್ಞರ ಮಂಡಳಿ ಒಪ್ಪಿಕೊಂಡಿತ್ತು. ಊಟದ ಕಾಯಿಲೆಗೆ ಹೇಗೆ ಎಂಬುದನ್ನು ಮುಖ್ಯವಾಗಿ ನೋಡಿದವರು ಆಸ್ಟ್ರೇಲಿಯಾದವರು. 2010ರಲ್ಲಿ ಸಾರಾ ಫೋಗಾರ್ಟಿ ಮತ್ತು ಜೊತೆಯವರು ಬರಿ 9 ಮಂದಿಯಲ್ಲಿ, ಮಾಮೂಲು ಚಿಕಿತ್ಸೆಯ ಜೊತೆಗೆ ಆಕ್ಯುಪಂಕ್ಚರ್ ಸೇರಿಸಿ ನೋಡಿದರು. ಕಳವಳ ತಗ್ಗಿದ, ಬದುಕು ಹಗುರಾದ ಲಕ್ಷಣ ಕಂಡಿತು. 2014ರಲ್ಲಿ ಅನೊರೆಕ್ಸಿಯಾದ 26 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಸೂಜಿ, ಇನ್ನೊಂದಕ್ಕೆ ಬೆರಳಿಂದ ಒತ್ತುವ ಆಕ್ಯುಪ್ರೆಶರು ಮತ್ತು ಹಗುರ ಮಸಾಜು ಕೊಟ್ಟ ಪರೀಕ್ಷೆ ಬಂತು. ಸೂಜಿ ಗೆದ್ದಿತು ಎಂದು ಹೇಳುವ ಹಾಗಾಗಲಿಲ್ಲ. ಎರಡೂ ಗುಂಪಿನವರಿಗೆ ಒಂದಿಷ್ಟು ಸಮಾಧಾನ ಸಿಕ್ಕಿತ್ತು. ಆ ಹೆಣ್ಣುಮಕ್ಕಳನ್ನು ಕೂರಿಸಿ ಮಾತಾಡಿಸಿದಾಗ ಅವರು ಹೆಚ್ಚಾಗಿ ನೆನೆದದ್ದು ಚಿಕಿತ್ಸೆ ಮಾಡಿದವರ ಸಹಾನುಭೂತಿಯನ್ನು.

ಇಷ್ಟು ಚಿಕ್ಕ ಪರೀಕ್ಷೆಗಳ ಮೇಲೆ ದೊಡ್ಡ ಮಾತು ಕಟ್ಟಲಾಗದು, ನಾನು ಕಟ್ಟುವುದೂ ಇಲ್ಲ. ಶಕ್ತಿಯ ನಾಡಿಗಳು ಮೈಯಲ್ಲಿ ಹೀಗೆ ಹರಿಯುತ್ತವೆ ಎಂಬ ಚೀನೀ ವಿವರಣೆಯನ್ನು ನಾನು ನಂಬಬೇಕಾಗಿಲ್ಲ. ನಮ್ಮ ಕಿವಿ ಚುಚ್ಚುವ ಶಾಸ್ತ್ರವೂ ಆಕ್ಯುಪಂಕ್ಚರೇ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವುದನ್ನಂತೂ ನಂಬುವುದೇ ಇಲ್ಲ. ಇದು ನಮ್ಮ ದೇಶಕ್ಕೆ ಬಂದ ದಾರಿ ಬೇರೆ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್ ಎಲ್ಲರಿಗೂ ಗೊತ್ತು, ಸಿನಿಮಾ ಬಂತಲ್ಲ. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆ ಹೋಗಿದ್ದ ಬಿ.ಕೆ. ಬಸು 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ಕೇಂದ್ರ ಸರ್ಕಾರ ಅದನ್ನು ಒಂದು ಸ್ವತಂತ್ರ ಪದ್ಧತಿ ಎಂದು ಒಪ್ಪಿದ್ದು 2019ರಲ್ಲಿ.

ನನಗೆ ಕಂಡದ್ದನ್ನು ಹೇಳುತ್ತೇನೆ. ಆ ಹುಡುಗಿಯ ಜೊತೆ ಯಾರು ಮಾತಾಡಿದರೂ ಊಟದ್ದೇ ಮಾತು. ನಮ್ಮಲ್ಲಿ ಎದುರಾದವರನ್ನು ಕೇಳುವ ಮೊದಲ ಪ್ರಶ್ನೆಯೇ ಊಟ ಆಯ್ತಾ, ತಿಂಡಿ ಆಯ್ತಾ ಎಂದು. ನಮಗೆ ಅದು ಉಪಚಾರ, ಅವಳಿಗೆ ಹಾಜರಿ ಕರೆದ ಹಾಗೆ. ಅಜ್ಜಿ, ಅಪ್ಪ, ಅಮ್ಮ, ಡಾಕ್ಟರು, ಡಯಟೀಷಿಯನ್ನು ಎಲ್ಲರೂ ತಟ್ಟೆಯನ್ನೇ ನೋಡುತ್ತಾರೆ, ತಕ್ಕಡಿಯನ್ನೇ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ಆ ಮಂಚದ ಮೇಲೆ ಅರ್ಧ ಗಂಟೆ ಯಾರೂ ಊಟ ಎನ್ನುವುದಿಲ್ಲ. ಎರಡು ವರ್ಷದಿಂದ ಅಳತೆ ಮಾಡಿ, ಹೀಗಳೆದು, ಬಚ್ಚಿಟ್ಟ ಮೈಯನ್ನು ಒಬ್ಬರು ಮೆಲ್ಲಗೆ ಮುಟ್ಟಿ, ಇಲ್ಲಿ ನೋವಾ, ಇಲ್ಲಿ ಬೆಚ್ಚಗಾಯಿತಾ ಎಂದು ಕೇಳುತ್ತಾರೆ. ಸೂಜಿಯ ಸುತ್ತ ಭಾರ ಕೂತ ಹಾಗೆ ಒಂದು ಜೋಮು ಏಳುತ್ತದೆ. ಒಂದು ದಿನ ಅವಳು ಅಂದಳು, “ಆಂಟಿ, ಕಾಲು ನನ್ನದೇ ಅನ್ನಿಸ್ತು.”

ಈಗ ಗೋಡೆಯ ಮೇಲಿನ ಸಾಲಿಗೆ ಬರುತ್ತೇನೆ. ಬರಿಹೊಟ್ಟೆಯಲ್ಲಿ ಸೂಜಿ ಹಾಕಿಸಿಕೊಂಡರೆ ತಲೆ ಸುತ್ತಿ ಬೀಳುವವರುಂಟು, ಅದಕ್ಕೇ ಆ ನಿಯಮ. ನನ್ನ ಮಂಡಿಗೂ ಅದೇ ನಿಯಮ, ಅವಳಿಗೂ ಅದೇ. ತಿನ್ನು ಎಂದು ಯಾರೂ ಬೇಡಿಕೊಳ್ಳಲಿಲ್ಲ. ಎರಡನೆಯ ಸಲ ಬಂದಾಗ ಡಾಕ್ಟರು ಎಲ್ಲರನ್ನೂ ಕೇಳುವ ಹಾಗೆ, “ಏನು ತಗೊಂಡು ಬಂದ್ರಿ?” ಎಂದು ಕೇಳಿದರು. ಅವಳು ಸುಮ್ಮನಿದ್ದಳು. “ಹಾಗಾದ್ರೆ ಸ್ವಲ್ಪ ಹೊತ್ತು ಕೂತಿರಿ, ಏನಾದ್ರೂ ತಗೊಳ್ಳಿ, ಆಮೇಲೆ ಕರೀತೀನಿ” ಎಂದು ನನ್ನನ್ನು ಒಳಗೆ ಕರೆದರು. ನಾನು ಹೊರಗೆ ಬರುವ ಹೊತ್ತಿಗೆ ಬೆಂಚಿನ ಮೇಲೆ ಸ್ಟೀಲ್ ಡಬ್ಬಿ ತೆರೆದಿತ್ತು. ಇಡ್ಲಿಯನ್ನು ಅವಳು ಬೆರಳಲ್ಲಿ ಸಣ್ಣ ಸಣ್ಣ ಚೂರು ಮಾಡಿದ್ದಳು, ಗುಬ್ಬಿಗೆ ಹಾಕುವಷ್ಟು. ಒಂದೊಂದನ್ನೇ ಬಾಯಿಗಿಟ್ಟು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ತಾಯಿಗೆ ನಾನು ಕಣ್ಣು ಸನ್ನೆ ಮಾಡಿದೆ, ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಇಪ್ಪತ್ತು ನಿಮಿಷ ಹಿಡಿಯಿತು, ಅರ್ಧ ಇಡ್ಲಿ ಮುಗಿಯಿತು. ಯಾರೂ ಶಭಾಷ್ ಅನ್ನಲಿಲ್ಲ. ಡಾಕ್ಟರು ಹೆಸರು ಕರೆದರು.

ಮುಂದಿನ ವಾರ ಇಡೀ ಇಡ್ಲಿ ಎಂದು ನೀವು ಕಾಯುತ್ತಿರಬಹುದು. ಮುಂದಿನ ವಾರ ಅವಳು ಬರಲೇ ಇಲ್ಲ. ಈ ಕಾಯಿಲೆ ಹಾಗೆಯೇ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಮಳೆಗಾಲದಲ್ಲಿ ಮತ್ತೆ ತೂಕ ಇಳಿದು ಮನೋವೈದ್ಯರು ಔಷಧಿ ಬದಲಿಸಿದರು. ಆಮೇಲೆ ಮತ್ತೆ ಬರತೊಡಗಿದಳು. ವಾಸಿಯಾದಳು ಎಂದು ಇನ್ನೂ ಹೇಳುವ ಹಾಗಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಳೆ, ಮುಟ್ಟು ಮರಳಿದೆ, ಏಪ್ರಿಲ್‌ನಲ್ಲಿ ಸ್ವೆಟರ್ ಹಾಕುವುದಿಲ್ಲ.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಇದೇ ಸೂಜಿಯನ್ನು ತೂಕ ಇಳಿಸಲಿಕ್ಕೂ ಮಾರುತ್ತಾರೆ. ಹಸಿವು ತಗ್ಗಿಸುತ್ತೇವೆ ಎಂದು ಕಿವಿಗೆ ಸಣ್ಣ ಬೀಜ ಅಂಟಿಸಿ ಕಳಿಸುವವರಿದ್ದಾರೆ. ಮೈ ಬಂದು ಕಷ್ಟಪಡುವವರ ವಿಷಯ ಬೇರೆ. ಊಟದ ಕಾಯಿಲೆ ಇರುವ ಹುಡುಗಿ ಅಲ್ಲಿಗೆ ಹೋದರೆ ಅವಳ ಕಾಯಿಲೆಗೆ ಇವರೇ ಗೊಬ್ಬರ ಹಾಕಿದ ಹಾಗೆ. ಬಾಗಿಲಲ್ಲಿ ತೂಕ ಇಳಿಸುವ ಬೋರ್ಡು ಇರುವ ಕಡೆಗೆ ಇಂಥವರನ್ನು ಕರೆದುಕೊಂಡು ಹೋಗಲೇಬೇಡಿ. ಬೇರೆ ಕಡೆ ಹೋದಾಗಲೂ ಮೂರು ಸಂಗತಿ ಕೇಳಿ ತಿಳಿದುಕೊಳ್ಳಿ. ಓದಿದ್ದು ಏನು, ಸೂಜಿ ಪ್ರತಿ ಸಲ ಹೊಸದೇ, ನಮ್ಮ ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಲು ತಯಾರಿದ್ದೀರಾ. ಮೂರನೆಯದಕ್ಕೆ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.

ಇನ್ನು ಹಬ್ಬ ಹರಿದಿನಕ್ಕೆ ಅಂಥ ಮನೆಗೆ ಹೋದರೆ ಏನು ಮಾತಾಡಬೇಕು ಎಂದು ಕೇಳಬಹುದು. ಸಣ್ಣಗಾಗಿದ್ದೀಯ ಅನ್ನಬೇಡಿ. ಸುಧಾರಿಸುತ್ತಿರುವಾಗ ಈಗ ತುಂಬಿಕೊಂಡಿದ್ದೀಯ, ಚೆನ್ನಾಗಿ ಕಾಣ್ತೀಯ ಎಂದಂತೂ ಅನ್ನಲೇಬೇಡಿ, ಆ ಒಂದು ಮಾತಿಗೆ ರಾತ್ರಿಯ ಊಟ ಹೋಗುತ್ತದೆ. ಓದು, ಸಿನಿಮಾ, ಮಳೆ, ಕೆರೆ ಏರಿಯ ಮೇಲೆ ಕಂಡ ಹಕ್ಕಿ, ಮಾತಿಗೆ ಏನು ಬರ.

ನಿಮ್ಮ ಮನೆಯಲ್ಲೋ ಪಿ.ಜಿ.ಯ ಪಕ್ಕದ ಮಂಚದಲ್ಲೋ ಹೀಗೆ ಊಟ ಬಿಟ್ಟವರು, ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವವರು ಇದ್ದರೆ ಗದರಬೇಡಿ, ಕಾಯಲೂಬೇಡಿ. ತಲೆ ಸುತ್ತಿ ಬಿದ್ದರೆ, ಎದೆ ಬಡಿತ ತಪ್ಪಿದ ಹಾಗಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ, ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಸರ್ಕಾರದ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ: 14416.